ಸೊಸೈಟಿಯ ಕೌಂಟರಿಗೆ ಟೋಕನ್ ವ್ಯವಸ್ಥೆ: ನೆಟ್ ಹೋದರೂ ಸರದಿ ತಪ್ಪಬಾರದು

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ನಾಲ್ಕು ಕೌಂಟರ್ ಇವೆ: ನಗದು, ಸಾಲ, ಇ-ಸ್ಟಾಂಪ್, ಗೊಬ್ಬರ-ಔಷಧಿ ಬಿಲ್. ಬೆಳಿಗ್ಗೆ ಬಸ್ಸು ಬಂದ ಕೂಡಲೇ ಜನ ಒಟ್ಟಿಗೆ ಬರುತ್ತಾರೆ. ಯಾರು ಮೊದಲು ಬಂದದ್ದು ಅಂತ ದಿನಾ ಮಾತು ಬೆಳೆಯುತ್ತದೆ. ಒಂದು ಕಂಪನಿಯವರು ವೆಬ್ ಆಧಾರಿತ ಕ್ಯೂ ವ್ಯವಸ್ಥೆಗೆ ಕೊಟೇಶನ್ ಕೊಟ್ಟಿದ್ದಾರೆ. ಟಿವಿಯಲ್ಲಿ ನಂಬರ್ ಬರುತ್ತೆ, ಸದಸ್ಯರು ಮನೆಯಿಂದಲೇ ಮೊಬೈಲಿನಲ್ಲಿ ಟೋಕನ್ ತಗೋಬಹುದು, ಕಾಯೋದು ಅರ್ಧ ಕಡಿಮೆ ಆಗುತ್ತೆ ಅನ್ನುತ್ತಾರೆ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ. ಹಾಕಿಸಬಹುದಾ? ಹಾಕಿಸಿದರೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಹಾಕಿಸಿ. ನಿಮ್ಮಂಥ ಸಂಘಕ್ಕೆ ಇದು ಬೇಕೇ ಬೇಕು. ಆದರೆ ಕಂಪನಿಯವರು ಹೇಳಿದ ಕಾರಣಕ್ಕಲ್ಲ. ಟೋಕನ್ ವ್ಯವಸ್ಥೆ ಕಾಯುವ ಹೊತ್ತನ್ನು ತಾನಾಗಿ ಅರ್ಧ ಮಾಡುವುದಿಲ್ಲ. ಯಾರು ಮೊದಲು ಬಂದರು ಅನ್ನೋದನ್ನು ಎಲ್ಲರಿಗೂ ಕಾಣುವ ಹಾಗೆ ಬರೆದಿಡುತ್ತದೆ, ಅದೇ ಅದರ ಮುಖ್ಯ ಕೆಲಸ. ಆ ಸರದಿಯ ಮೇಲೆ ಜನರಿಗೆ ನಂಬಿಕೆ ಬಂದರೆ ಅವರು ಕೌಂಟರಿನ ಮುಂದೆ ನಿಂತೇ ಇರಬೇಕಾಗಿಲ್ಲ. ತಿಂಡಿ ತಿಂದು ಬರಬಹುದು, ಪೇಟೆ ಕೆಲಸ ಮುಗಿಸಬಹುದು, ಬೆಂಚಿನ ಮೇಲೆ ಕೂರಬಹುದು. ಆ ನಂಬಿಕೆ ಉಳಿಯಬೇಕು ಅಂದರೆ ಕರೆಂಟ್ ಹೋದಾಗಲೂ, ನೆಟ್ ಇಲ್ಲದಾಗಲೂ, ನಿರ್ದೇಶಕರ ಕಡೆಯವರು ಒಳಗೆ ಬಂದಾಗಲೂ ಸರದಿ ಅಲ್ಲಾಡಬಾರದು. ಕೊಟೇಶನ್ನಿನ ಪ್ರತಿ ಸಾಲನ್ನೂ ಇದೊಂದೇ ಅಳತೆಯಲ್ಲಿ ನೋಡಿ.

ಮೊದಲು ಬಸ್ಸಿನ ಲೆಕ್ಕ ಮಾಡೋಣ. ಹತ್ತೂಕಾಲಿಗೆ 30 ಜನ ಒಟ್ಟಿಗೆ ಇಳಿದು ಬಂದರು ಅಂದುಕೊಳ್ಳಿ. ಮೂರು ಕೌಂಟರ್ ತೆರೆದಿವೆ, ಮೂರರಲ್ಲೂ ಎಲ್ಲ ಕೆಲಸ ಆಗುತ್ತದೆ, ಒಬ್ಬರಿಗೆ 6 ನಿಮಿಷ. ಕೊನೆಯ ಮೂವರು ಕೌಂಟರಿಗೆ ಬರುವಾಗ 54 ನಿಮಿಷ ಕಳೆದಿರುತ್ತದೆ. ಟಿವಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆ ಒಂದು ಗಂಟೆ ಮಟ್ಟಿಗೆ ನಾಲ್ಕನೆಯ ಕೌಂಟರನ್ನೂ ತೆರೆದರೆ ಕೊನೆಯವರ ಕಾಯುವಿಕೆ 42 ನಿಮಿಷಕ್ಕೆ ಇಳಿಯುತ್ತದೆ. ಅಂದರೆ ಹೊತ್ತು ಕಡಿಮೆ ಆಗುವುದು ಸಿಬ್ಬಂದಿಯನ್ನು ಸರಿಯಾದ ಗಂಟೆಗೆ ಕೂರಿಸಿದಾಗ. ಮಧ್ಯಾಹ್ನ ಎರಡರಿಂದ ಮೂರರವರೆಗೆ ನಾಲ್ಕು ಕೌಂಟರ್ ತೆರೆದಿಟ್ಟು, ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಮೂರೇ ಇಟ್ಟುಕೊಂಡರೆ ಯಾವ ಸಾಫ್ಟ್‌ವೇರೂ ನಿಮ್ಮನ್ನು ಕಾಪಾಡುವುದಿಲ್ಲ.

ಕ್ಯೂಗಳ ಬಗ್ಗೆ ನೂರು ವರ್ಷಕ್ಕೂ ಹಿಂದಿನಿಂದ ಗಣಿತ ನಡೆದಿದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ 1909ರಲ್ಲಿ ಫೋನ್ ಕರೆಗಳ ದಟ್ಟಣೆಯ ಮೇಲೆ ಬರೆದ ಲೇಖನದಿಂದ ಇದು ಶುರುವಾಯಿತು. ಅದರಿಂದ ಬಂದ ಒಂದು ವಿಷಯವನ್ನು ನಿಮ್ಮ ಆಡಳಿತ ಮಂಡಳಿ ಸಭೆಯಲ್ಲಿ ಹೇಳಲೇಬೇಕು. ಒಂದು ಕೌಂಟರು ಗಂಟೆಗೆ 12 ಜನರನ್ನು ನೋಡುತ್ತದೆ, ಒಬ್ಬರಿಗೆ ಸರಾಸರಿ 5 ನಿಮಿಷ. ಜನ ಬರುವುದು ಹಿಂದೆ ಮುಂದೆ ಆಗುತ್ತೆ, ಕೆಲಸವೂ ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡ. ಇಂಥ ಕಡೆ ಕೌಂಟರು ಶೇ 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಸರಾಸರಿ ಕಾಯುವಿಕೆ 20 ನಿಮಿಷ. ಅದೇ ಶೇ 90 ಆದರೆ 45 ನಿಮಿಷ. ಗಂಟೆಗೆ ಒಬ್ಬರು, ಒಂದೂಕಾಲು ಜನ ಜಾಸ್ತಿ ಬಂದಿದ್ದಕ್ಕೆ ಕಾಯೋದು ಎರಡು ಪಟ್ಟಿಗೂ ಮೇಲೆ ಹೋಯಿತು. 'ನಮ್ಮ ಕ್ಲರ್ಕ್ ಒಂದು ನಿಮಿಷವೂ ಸುಮ್ನೆ ಕೂರೋದಿಲ್ಲ' ಅಂತ ಹೆಮ್ಮೆ ಪಡುವ ಕಚೇರಿಯಲ್ಲೇ ಕ್ಯೂ ಬಾಗಿಲಾಚೆ ಹೋಗುವುದು ಇದಕ್ಕೇ. ಸ್ವಲ್ಪ ಬಿಡುವು ಇರಬೇಕು. ಅದು ಸೋಮಾರಿತನ ಅಲ್ಲ.

ಎರಡನೆಯ ವಿಷಯ, ಸಾಲುಗಳನ್ನು ಕೂಡಿಸುವುದು. ಇದೇ ಲೆಕ್ಕದಲ್ಲಿ ಶೇ 80 ಕೆಲಸವಿರುವ ಎರಡು ಕೌಂಟರಿಗೆ ಬೇರೆ ಬೇರೆ ಸಾಲು ಇದ್ದರೆ ಒಬ್ಬೊಬ್ಬರು ಸರಾಸರಿ 20 ನಿಮಿಷ ಕಾಯುತ್ತಾರೆ. ಎರಡಕ್ಕೂ ಸೇರಿ ಒಂದೇ ಸಾಲು ಮಾಡಿದರೆ ಸುಮಾರು 9 ನಿಮಿಷ. ಸಿಬ್ಬಂದಿ ಅವರೇ, ಜನ ಅಷ್ಟೇ. ಒಂದು ಕಡೆ ಖಾಲಿ ಕೂತು ಇನ್ನೊಂದು ಕಡೆ ನೂಕುನುಗ್ಗಲು ಆಗುವುದು ತಪ್ಪಿತು, ಅಷ್ಟೇ ಆಗಿದ್ದು. ಸೊಸೈಟಿಯಲ್ಲಿ ಎಲ್ಲವನ್ನೂ ಹೀಗೆ ಕೂಡಿಸಲು ಆಗುವುದಿಲ್ಲ, ನನಗೆ ಗೊತ್ತಿದೆ. ನಗದು ಕೌಂಟರಿನವರು ಸಂಜೆ ತಮ್ಮ ಪೆಟ್ಟಿಗೆಯ ಲೆಕ್ಕ ತಾವೇ ಒಪ್ಪಿಸಬೇಕು. ಆ ಪೆಟ್ಟಿಗೆಗೆ ಇನ್ನೊಬ್ಬರು ಕೈ ಹಾಕುವ ಹಾಗಿಲ್ಲ. ಆದರೆ ಪಾಸ್‌ಬುಕ್ ಎಂಟ್ರಿ, ಸಾಲದ ಬಾಕಿ ಎಷ್ಟಿದೆ ಅಂತ ಕೇಳುವುದು, ಕೆವೈಸಿ ಜೆರಾಕ್ಸ್ ಕೊಡುವುದು, ಇ-ಸ್ಟಾಂಪ್ ಅರ್ಜಿ ತುಂಬುವುದು — ಇವನ್ನು ಇಬ್ಬರು ಮೂವರು ಕಲಿತುಕೊಳ್ಳಬಹುದು. ಸಾಫ್ಟ್‌ವೇರಿನಲ್ಲಿ 'ಈ ಕೌಂಟರು ಈ ಈ ಕೆಲಸಗಳನ್ನು ಕರೆಯಬಹುದು' ಅಂತ ನೀವೇ ಗುರುತು ಹಾಕಲು, ಬೇಕಾದಾಗ ಬದಲಾಯಿಸಲು ಬರಬೇಕು. ಕೌಂಟರಿಗೆ ಒಂದೇ ಕೆಲಸ ಕಟ್ಟಿಹಾಕುವ ಸಾಫ್ಟ್‌ವೇರ್ ಎಷ್ಟೇ ಚಂದ ಕಂಡರೂ ಬೇಡ.

ಇನ್ನು ಉದ್ದದ ಕೆಲಸ, ಗಿಡ್ಡ ಕೆಲಸ. ಒಬ್ಬರದು ಬೆಳೆ ಸಾಲದ ಕೆಲಸ, 20 ನಿಮಿಷ. ಅವರ ಹಿಂದೆ ನಾಲ್ವರು ಪಾಸ್‌ಬುಕ್ ಹಿಡಿದು ನಿಂತಿದ್ದಾರೆ, ತಲಾ 2 ನಿಮಿಷ. ಸಾಲದವರು ಮೊದಲಾದರೆ ಐವರ ಸರಾಸರಿ ಕಾಯುವಿಕೆ 18 ನಿಮಿಷಕ್ಕೂ ಜಾಸ್ತಿ. ಅವರನ್ನೇ ಕೊನೆಗೆ ಕರೆದರೆ 4 ನಿಮಿಷ. ಲೆಕ್ಕ ನೋಡಿದರೆ ಗಿಡ್ಡದನ್ನೇ ಮೊದಲು ಮುಗಿಸಬೇಕು ಅನಿಸುತ್ತೆ, ಅಲ್ವಾ? ಆದರೆ ಹಾಗೇ ಮಾಡುತ್ತಾ ಹೋದರೆ ದೂರದ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದ ಸಾಲದವರು ಸಂಜೆವರೆಗೂ ಕೂತಿರಬೇಕಾಗುತ್ತದೆ. ಅದು ಅನ್ಯಾಯ. ನನ್ನ ಸಲಹೆ ಇಷ್ಟು: ಎರಡು ಸರಣಿ ಮಾಡಿ. ಬೇಗ ಮುಗಿಯುವುದಕ್ಕೆ 'ಎ', ತಡವಾಗುವುದಕ್ಕೆ 'ಬಿ'. ಎರಡನ್ನೂ ನೋಡುವ ಕೌಂಟರಿನಲ್ಲಿ ಎರಡು 'ಎ' ಆದ ಮೇಲೆ ಒಂದು 'ಬಿ' ಅಂತ ನಿಯಮ ಇಡಿ. ಆ ನಿಯಮವನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಯಾಕೆ 'ಎ' ಮೊದಲು ಹೋಯಿತು ಅಂತ ಗೊತ್ತಿದ್ದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಕಾರಣ ಗೊತ್ತಿಲ್ಲದಾಗಲೇ ಸಿಟ್ಟು ಬರೋದು.

ಟೋಕನ್ ಕೊಡುವ ಜಾಗದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಕೊಟೇಶನ್‌ನಲ್ಲಿ ಟಚ್‌ಸ್ಕ್ರೀನ್ ಕಿಯೋಸ್ಕ್, ಅಂದರೆ ಜನರೇ ಪರದೆ ಮುಟ್ಟಿ ಟೋಕನ್ ತೆಗೆಯುವ ಯಂತ್ರ, ಇದ್ದೇ ಇರುತ್ತದೆ. ಅದನ್ನು ತೆಗೆದುಹಾಕಿ. ಆ ದುಡ್ಡಲ್ಲಿ ಬಾಗಿಲ ಹತ್ತಿರ ಒಂದು ಮೇಜು, ಒಂದು ಪುಟ್ಟ ಪ್ರಿಂಟರ್, ಬೆಳಿಗ್ಗೆ ಎರಡು ಗಂಟೆ ಕೂರಲು ಒಬ್ಬ ಮನುಷ್ಯ — ಇಷ್ಟು ಮಾಡಿ. ಆ ಮನುಷ್ಯ ಟೋಕನ್ ಕೊಡುವ ಮೊದಲು ಎರಡು ಮಾತು ಕೇಳಬೇಕು: 'ಏನು ಕೆಲಸ? ಪಹಣಿ, ಆಧಾರ್ ತಂದಿದ್ದೀರಾ?' ಒಂದು ಗಂಟೆ ಕಾದು ಕೌಂಟರಿಗೆ ಹೋದ ಮೇಲೆ 'ಪಹಣಿ ಹೊಸದು ಬೇಕು, ನಾಳೆ ಬನ್ನಿ' ಅನ್ನಿಸಿಕೊಳ್ಳುವುದಿದೆಯಲ್ಲ, ನಮ್ಮ ಊರುಗಳಲ್ಲಿ ಕ್ಯೂ ಅಂದರೆ ಜನ ಬೇಸರಪಡುವುದು ಅದಕ್ಕೆ. ಬಾಗಿಲಲ್ಲೇ ಹೇಳಿದ್ದರೆ ಅವರು ಪಹಣಿ ತಂದು ಅದೇ ದಿನ ಕೆಲಸ ಮುಗಿಸುತ್ತಿದ್ದರು. ಒಂದು ಗಂಟೆ ಕಾದು ಬರಿಗೈಲಿ ವಾಪಸ್ ಹೋಗುವ ಒಬ್ಬರನ್ನು ಉಳಿಸಿದರೂ ಆ ಮೇಜಿನ ಖರ್ಚು ಸಾರ್ಥಕ. ಓದಲು ಬರದವರಿಗೆ, ಕಣ್ಣು ಮಂಜಾದವರಿಗೆ ಟಚ್‌ಸ್ಕ್ರೀನ್ ಮುಂದೆ ನಿಲ್ಲುವ ಮುಜುಗರವೂ ಇಲ್ಲ. ವಯಸ್ಸಾದವರು, ಗರ್ಭಿಣಿಯರು, ಅಂಗವಿಕಲರು ಬಂದರೆ ಅವರಿಗೆ ಮೊದಲು ಕರೆಯುವ ಟೋಕನ್ ಅಲ್ಲೇ ಸಿಗಬೇಕು. ಅದನ್ನು ಅವರು ಕೇಳಿ ಪಡೆಯುವ ಹಾಗೆ ಆಗಬಾರದು.

ಈಗ ಕರೆಂಟು, ನೆಟ್ಟಿನ ವಿಷಯ. ಬ್ರೌಸರಿನಲ್ಲಿ ಓಡುವ ವ್ಯವಸ್ಥೆಗೆ ಇಂಟರ್ನೆಟ್ ಬೇಕೇ ಬೇಕು ಅಂತ ಹೆಚ್ಚಿನವರು ತಿಳಿದಿದ್ದಾರೆ. ಬೇಕಿಲ್ಲ. ಸರದಿಯ ಲೆಕ್ಕವೆಲ್ಲ ಇಡುವ ಸರ್ವರ್ ಅನ್ನೋದು ನಿಮ್ಮ ಕಚೇರಿಯ ಬೀರುವಿನಲ್ಲಿ ಇಟ್ಟ ಒಂದು ಚಿಕ್ಕ ಕಂಪ್ಯೂಟರ್ ಆಗಿರಬಹುದು. ಕೌಂಟರಿನ ಕಂಪ್ಯೂಟರುಗಳು, ಟಿವಿ, ಟೋಕನ್ ಪ್ರಿಂಟರ್ ಎಲ್ಲ ಒಂದೇ ರೌಟರಿಗೆ ಕೇಬಲಿನಲ್ಲಿ ಸೇರಿಕೊಂಡಿರುತ್ತವೆ. ಹೊರಗಿನ ನೆಟ್ ಸತ್ತರೂ ಒಳಗೆ ಟೋಕನ್ ಕೊಡುವುದು, ಕರೆಯುವುದು, ಟಿವಿಯಲ್ಲಿ ತೋರಿಸುವುದು ಯಾವುದೂ ನಿಲ್ಲುವುದಿಲ್ಲ. ನೆಟ್ ಇದ್ದಾಗ ಮಾತ್ರ 'ಈಗ ಎಷ್ಟನೆಯ ನಂಬರ್ ನಡೀತಿದೆ' ಅನ್ನೋದರ ಒಂದು ನಕಲು ಹೊರಗಿನ ಪುಟಕ್ಕೆ ಹೋಗುತ್ತದೆ. ಎಲ್ಲವೂ ಬೆಂಗಳೂರಿನ ಕ್ಲೌಡಿನಲ್ಲಿ, ಅಂದರೆ ನೆಟ್ ಮೂಲಕ ಸೇರುವ ದೂರದ ಸರ್ವರಿನಲ್ಲಿ ಇರುತ್ತೆ, ನಿಮಗೆ ತಲೆಬಿಸಿಯೇ ಇಲ್ಲ ಅಂತ ಕಂಪನಿಯವರು ಹೇಳಿದರೆ ಮಲೆನಾಡಿಗೆ ಅದು ಆಗುವುದಿಲ್ಲ ಅನ್ನಿ. ಜೂನ್‌ನಲ್ಲಿ ಗಾಳಿಮಳೆಗೆ ಮರ ಬಿದ್ದು ಲೈನು ಕಡಿದರೆ ನಿಮ್ಮ ಸರದಿಯೂ ಕಡಿಯುತ್ತದೆ.

ಸರ್ವರಿಗೆ, ರೌಟರಿಗೆ, ಟೋಕನ್ ಪ್ರಿಂಟರಿಗೆ, ಟಿವಿಗೆ ಯುಪಿಎಸ್ ಇರಬೇಕು. ಕೌಂಟರಿನ ಕಂಪ್ಯೂಟರುಗಳಿಗೆ ಹೇಗೂ ಇದ್ದೇ ಇರುತ್ತೆ. ರೌಟರನ್ನು ಮರೆಯುವವರೇ ಹೆಚ್ಚು. ಎಲ್ಲಾ ಯಂತ್ರ ಓಡುತ್ತಿದ್ದರೂ ರೌಟರ್ ಆರಿದ್ದರೆ ಒಂದಕ್ಕೊಂದು ಮಾತೇ ಇಲ್ಲ. ಸರ್ವರ್ ಆಗಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಕೊಡುತ್ತೇವೆ ಅಂದರೆ ಎರಡು ವಿಷಯ ಕೇಳಿ. ಮೆಮೊರಿ ಕಾರ್ಡಿನ ಮೇಲೆ ಓಡುತ್ತದಾ? ಹಾಗಿದ್ದರೆ ಪದೇ ಪದೇ ಕರೆಂಟ್ ಹೋಗಿ ಬಂದಾಗ ಕಾರ್ಡು ಕೆಡುವ ಸಾಧ್ಯತೆ ಇದೆ. ಅದರ ಬದಲು ಎಸ್‌ಎಸ್‌ಡಿ ಅನ್ನೋ ಡಿಸ್ಕು ಹಾಕಿಸಿ. ಎರಡನೆಯದು ಗಡಿಯಾರ. ಈ ಪುಟ್ಟ ಯಂತ್ರಗಳ ಹಳೆಯ ಮಾದರಿಗಳಲ್ಲಿ ಬ್ಯಾಟರಿಯ ಮೇಲೆ ನಡೆಯುವ ಗಡಿಯಾರವೇ ಇಲ್ಲ. ಆನ್ ಆದಾಗ ಇಂಟರ್ನೆಟ್ಟಿನಿಂದ ಸಮಯ ಕೇಳಿ ತಿಳಿದುಕೊಳ್ಳುತ್ತವೆ. ಕರೆಂಟ್ ಬಂತು, ನೆಟ್ ಬರಲಿಲ್ಲ ಅಂದರೆ ಯಂತ್ರಕ್ಕೆ ಇವತ್ತು ಯಾವ ದಿನ ಅಂತಲೇ ಗೊತ್ತಿರುವುದಿಲ್ಲ. ಟೋಕನ್ ಸರಣಿ ದಿನಾ ಬೆಳಿಗ್ಗೆ 1ರಿಂದ ಶುರುವಾಗುವುದು ತಾರೀಕು ನೋಡಿಯೇ ಅಲ್ವಾ? ತಾರೀಕು ತಪ್ಪಿದರೆ ಹಳೆಯ ದಿನದ ಸರಣಿ ಮುಂದುವರಿಯಬಹುದು, ಇಲ್ಲವೇ ನಡುಹಗಲಲ್ಲಿ ಮತ್ತೆ 1 ಬರಬಹುದು. ಗಡಿಯಾರದ ಒಂದು ಚಿಕ್ಕ ಭಾಗ, ಒಂದು ನಾಣ್ಯದಂಥ ಬ್ಯಾಟರಿ ಇದ್ದರೆ ಈ ತೊಂದರೆ ಇಲ್ಲ. ಹಳೇ ಡೆಸ್ಕ್‌ಟಾಪನ್ನೇ ಸರ್ವರ್ ಮಾಡುವುದಾದರೆ ಅದರ ಮದರ್‌ಬೋರ್ಡಿನ ಬ್ಯಾಟರಿ ಹೊಸದು ಹಾಕಿಸಿ.

ಯುಪಿಎಸ್ಸೂ ಮುಗಿದರೆ? ಅದಕ್ಕೂ ದಾರಿ ಇರಬೇಕು, ಅದು ಕಂಪ್ಯೂಟರಿಲ್ಲದ ದಾರಿ ಆಗಿರಬೇಕು. ಹಿಂದೆ ಬ್ಯಾಂಕಿನಲ್ಲಿ ಚೆಕ್ ಕೊಟ್ಟರೆ ಹಿತ್ತಾಳೆ ಟೋಕನ್ ಕೊಡುತ್ತಿದ್ದರು, ನೆನಪಿದೆಯಾ? ಹಾಗೆ ಲ್ಯಾಮಿನೇಟ್ ಮಾಡಿದ ಕಾರ್ಡು ಮಾಡಿಸಿ. 'ಎ' ಸರಣಿಗೆ ಒಂದು ಬಣ್ಣ, 'ಬಿ'ಗೆ ಇನ್ನೊಂದು. ಯಂತ್ರ ನಿಂತಾಗ ಕೊನೆಗೆ ಕೊಟ್ಟ ನಂಬರ್ ಯಾವುದೋ ಅದರ ಮುಂದಿನ ಕಾರ್ಡಿನಿಂದ ಕೊಡುತ್ತಾ ಹೋಗಿ. ಕರೆಂಟ್ ಬಂದ ಮೇಲೆ 'ಮುಂದಿನ ಟೋಕನ್ ಇಷ್ಟರಿಂದ' ಅಂತ ಯಂತ್ರಕ್ಕೆ ಹೇಳಲು ಬರಬೇಕು. ಇದೊಂದು ಸೌಲಭ್ಯ ಎಷ್ಟೋ ಸಾಫ್ಟ್‌ವೇರಿನಲ್ಲಿ ಇರುವುದಿಲ್ಲ. ಕೇಳಿ ಬರೆಸಿಕೊಳ್ಳಿ. ಕಾರ್ಡು ಇನ್ನೂ ಒಂದು ಕಾರಣಕ್ಕೆ ಒಳ್ಳೆಯದು: ಮಳೆಗಾಲದಲ್ಲಿ ಕೊಡೆ, ರೈನ್‌ಕೋಟ್, ಒದ್ದೆ ಕೈ. ಕಾಗದದ ಟೋಕನ್ ಜೇಬಲ್ಲೇ ಮುದ್ದೆಯಾಗುತ್ತದೆ.

ಡೆಮೊ ತೋರಿಸಲು ಬಂದಾಗ ನೀವೇ ಮಾಡಿ ನೋಡಬೇಕಾದ ಪರೀಕ್ಷೆಗಳಿವೆ. ಅವರು ತೋರಿಸಿದ್ದನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಎರಡು ಕಂಪ್ಯೂಟರಿನಲ್ಲಿ ಎರಡು ಕೌಂಟರ್ ತೆರೆಯಿರಿ. ಇಬ್ಬರು ಕೂತು ಒಂದು-ಎರಡು-ಮೂರು ಹೇಳಿ ಒಟ್ಟಿಗೆ 'ಮುಂದಿನವರು' ಬಟನ್ ಒತ್ತಿ. ಹೀಗೆ ಹಲವು ಸಲ ಮಾಡಿ. ಒಂದೇ ಒಂದು ಸಲವಾದರೂ ಎರಡೂ ಕೌಂಟರಿಗೆ ಒಂದೇ ನಂಬರ್ ಬಂದರೆ ಆ ಸಾಫ್ಟ್‌ವೇರ್ ವಾಪಸ್ ಕಳಿಸಿ. ಹೀಗಾಗುವುದು ಯಾಕೆಂದರೆ, ಒಂದು ಕೌಂಟರು 'ಮುಂದಿನ ನಂಬರ್ ಯಾವುದು' ಅಂತ ಓದಿ, 'ಇದು ನನ್ನದು' ಅಂತ ಬರೆಯುವುದರೊಳಗೆ ಇನ್ನೊಂದು ಕೌಂಟರು ಅದನ್ನೇ ಓದಿರುತ್ತದೆ. ಓದುವುದು, ಬರೆಯುವುದು ಎರಡನ್ನೂ ಡೇಟಾಬೇಸಿನಲ್ಲಿ ಒಂದೇ ಗಂಟಾಗಿ ಮಾಡಬೇಕು, ನಡುವೆ ಯಾರೂ ನುಗ್ಗಬಾರದು. ಪ್ರೋಗ್ರಾಮ್ ಬರೆದವರಿಗೆ ಇದು ಗೊತ್ತಿದೆಯೋ ಇಲ್ಲವೋ ಅಂತ ಈ ಒಂದು ಪರೀಕ್ಷೆಯಿಂದ ತಿಳಿಯುತ್ತದೆ.

ಆಮೇಲೆ ಟಿವಿಯ ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿ. ಟಿವಿ ಏನು ತೋರಿಸುತ್ತದೆ? ಸುಮಾರು ಕಡೆ ಹಳೆಯ ನಂಬರೇ ಹಾಗೇ ನಿಂತಿರುತ್ತದೆ. ಜನ ಅದನ್ನೇ ನಂಬಿ ಕೂತಿರುತ್ತಾರೆ, ಅವರ ಸರದಿ ಅಷ್ಟರಲ್ಲಿ ಹೋಗಿರುತ್ತದೆ. ಸಂಪರ್ಕ ತಪ್ಪಿದ ಕೆಲವೇ ಸೆಕೆಂಡಿನಲ್ಲಿ ಪರದೆ ಕೆಂಪಾಗಿ 'ಕೌಂಟರಿನಲ್ಲಿ ಕೇಳಿ' ಅಂತ ಬರಬೇಕು. ಕೇಬಲ್ ಮತ್ತೆ ಹಾಕಿದ ಕೂಡಲೇ ಯಾರೂ ಮುಟ್ಟದೆ ಸರಿಯಾದ ನಂಬರ್ ಬರಬೇಕು. ಟಿವಿ ಮತ್ತು ಸರ್ವರ್ ನಡುವೆ ಸದಾ ತೆರೆದಿರುವ ಸಂಪರ್ಕಕ್ಕೆ ವೆಬ್‌ಸಾಕೆಟ್ ಅನ್ನುತ್ತಾರೆ. ಅದು ಕಡಿದಾಗ ಮತ್ತೆ ಸೇರಿಕೊಂಡು ಪೂರ್ತಿ ಸ್ಥಿತಿಯನ್ನು ಹೊಸದಾಗಿ ಕೇಳಿ ಪಡೆಯುವ ಹಾಗೆ ಬರೆದಿರಬೇಕು.

ಸದ್ದಿನ ವಿಷಯ ಸಣ್ಣದು, ಆದರೆ ದಿನಾ ಕಾಡುತ್ತದೆ. ಪುಟವನ್ನು ಯಾರಾದರೂ ಮುಟ್ಟುವವರೆಗೆ ಸದ್ದು ಮಾಡಲು ಇವತ್ತಿನ ಬ್ರೌಸರುಗಳು ಬಿಡುವುದಿಲ್ಲ. ಹಾಗಾಗಿ ಬೆಳಿಗ್ಗೆ ಟಿವಿ ಹಾಕಿದರೆ ನಂಬರ್ ಬರುತ್ತೆ, ಧ್ವನಿ ಬರುವುದಿಲ್ಲ. ಅದಕ್ಕೆ ಬ್ರೌಸರನ್ನು ಕಿಯೋಸ್ಕ್ ಮೋಡಿನಲ್ಲಿ (ಪರದೆ ತುಂಬ ಒಂದೇ ಪುಟ), ಸದ್ದಿಗೆ ಮೊದಲೇ ಅನುಮತಿ ಕೊಟ್ಟು ಇಡಬೇಕು. ಕನ್ನಡದ ಯಂತ್ರಧ್ವನಿ ಎಲ್ಲ ಟಿವಿ ಬಾಕ್ಸಿನಲ್ಲಿ ಇರುವುದಿಲ್ಲ. ನಿಮ್ಮ ಸಿಬ್ಬಂದಿಯಲ್ಲೇ ಸ್ಪಷ್ಟವಾಗಿ ಮಾತಾಡುವವರ ದನಿಯಲ್ಲಿ ಒಂದರಿಂದ ತೊಂಬತ್ತೊಂಬತ್ತರವರೆಗೆ, ಆಮೇಲೆ ನೂರು, ನೂರಾ, ಇನ್ನೂರಾ ಅಂತ ರೆಕಾರ್ಡ್ ಮಾಡಿಸಿ. ಊರಿನ ದನಿ ಕೇಳಿದರೆ ಜನರಿಗೂ ಹಿತ.

ಇನ್ನು ಮನೆಯಿಂದಲೇ ಮೊಬೈಲ್ ಟೋಕನ್. ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ: ಮನೆಯಲ್ಲಿ ಒತ್ತಿದ ಬಟನ್ನಿಗೆ ಸರದಿ ಕೊಡಬಾರದು. ಪೇಟೆಯಲ್ಲಿ, ಟವರಿನ ಕೆಳಗೆ ಇರುವವರು ಬೆಳಿಗ್ಗೆ ಆರಕ್ಕೇ ಹತ್ತು ಟೋಕನ್ ತೆಗೆದಿಟ್ಟರೆ ಗುಡ್ಡದಾಚೆಯ ಹಳ್ಳಿಯಿಂದ, ಸಿಗ್ನಲ್ಲೇ ಇಲ್ಲದ ಕಡೆಯಿಂದ ಮೊದಲ ಬಸ್ಸು ಹಿಡಿದು ಬಂದವರು ಹನ್ನೊಂದನೆಯವರಾಗುತ್ತಾರೆ. ಅವರು ನಿಮ್ಮ ಸಂಘದ ಅಷ್ಟೇ ಹಕ್ಕಿನ ಸದಸ್ಯರು. ಟೋಕನ್ ತೆಗೆದು ಬಾರದೇ ಇರುವವರೂ ಇರುತ್ತಾರೆ. ಅವರ ನಂಬರ್ ಕರೆದು ಕರೆದು ಕೌಂಟರಿನವರ ಹೊತ್ತೂ ಹಾಳು.

ಆಸ್ಪತ್ರೆಗಳಲ್ಲಿ 2022ರಿಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿ ಕ್ಯೂಆರ್ ಸ್ಕ್ಯಾನ್ ಮಾಡಿ ಹೊರರೋಗಿ ಟೋಕನ್ ಪಡೆಯುವ ಕ್ರಮ ಬಂದಿದೆ. ಅದನ್ನು ನೋಡಿ ನಿಮ್ಮ ಕಂಪನಿಯವರೂ 'ಗೋಡೆಗೆ ಕ್ಯೂಆರ್ ಅಂಟಿಸೋಣ' ಅನ್ನಬಹುದು. ಅಂಟಿಸಿ, ಬಾಗಿಲ ಮೇಜಿನ ಭಾರ ಕಡಿಮೆ ಆಗುತ್ತದೆ. ಆದರೆ ಗೋಡೆಯ ಕ್ಯೂಆರ್ ಫೋಟೊ ವಾಟ್ಸಾಪಿನಲ್ಲಿ ಹೋದರೆ ಮನೆಯಿಂದಲೂ ಸ್ಕ್ಯಾನ್ ಆಗುತ್ತೆ. ಅದಕ್ಕೆ ಸುಲಭದ ನಿಯಮ ಒಂದೇ: ಮೊಬೈಲಿನಲ್ಲಿ ಹೆಸರು, ಕೆಲಸ ತುಂಬಿಕೊಂಡು ಬರಲಿ, ಬಾಗಿಲ ಮೇಜಿನಲ್ಲಿ ಹಾಜರಿ ಹಾಕಿದಾಗಲೇ ನಂಬರ್ ಸಿಗಲಿ. ಹಾಜರಿಗೆ ಫೋನಿನ ಕ್ಯೂಆರ್ ಓದಲು ಯುಎಸ್‌ಬಿ ಸ್ಕ್ಯಾನರ್ ತಗೊಳ್ಳಿ. ಬ್ರೌಸರಿನಿಂದ ಕ್ಯಾಮೆರಾ ತೆರೆಯಲು ಸುರಕ್ಷಿತ ಸಂಪರ್ಕ, ಅಂದರೆ ಬೀಗದ ಗುರುತಿನ ವಿಳಾಸ ಬೇಕು. ನಿಮ್ಮ ಒಳಗಿನ ಸರ್ವರಿನ ಬರೀ ನಂಬರ್ ವಿಳಾಸಕ್ಕೆ ಅದು ಸಾಮಾನ್ಯವಾಗಿ ಇರುವುದಿಲ್ಲ. ಯುಎಸ್‌ಬಿ ಸ್ಕ್ಯಾನರ್ ಕೀಬೋರ್ಡಿನ ಹಾಗೆ ಕೆಲಸ ಮಾಡುತ್ತದೆ, ಈ ರಗಳೆ ಇಲ್ಲ.

ಮೊಬೈಲು ನಿಜಕ್ಕೂ ಉಪಕಾರಕ್ಕೆ ಬರುವುದು ಟೋಕನ್ ತೆಗೆದುಕೊಂಡ ಮೇಲೆ. ನಂಬರ್ ಪಡೆದವರು ಪೇಟೆಗೆ ಹೋಗಿರುತ್ತಾರೆ, ಮುಂದೆ ಐದು ಜನ ಉಳಿದಾಗ ಒಂದು ಎಸ್ಸೆಮ್ಮೆಸ್ ಬಂದರೆ ಸಾಕು. ಬಟನ್ ಫೋನಿಗೂ ಬರುತ್ತೆ, ಆ್ಯಪ್ ಬೇಡ. ಇದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಡಿಎಲ್‌ಟಿ ನೋಂದಣಿ ಬೇಕು: ಕಳಿಸುವವರ ಹೆಸರು, ಸಂದೇಶದ ಮಾದರಿ ಎರಡನ್ನೂ ಮೊದಲೇ ಒಪ್ಪಿಗೆ ಪಡೆದಿರಬೇಕು. ಮಾದರಿ ಬರೆಯುವಾಗ ಉದ್ದ ನೋಡಿ. ಇಂಗ್ಲಿಷ್ ಎಸ್ಸೆಮ್ಮೆಸ್ ಒಂದಕ್ಕೆ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಅದೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ; 'ಮ್ಮ' ನಮಗೆ ಒಂದು, ಫೋನಿಗೆ ಮೂರು. 'ಟೋಕನ್ ಎ42: ನಿಮ್ಮ ಮುಂದೆ 5 ಜನ ಇದ್ದಾರೆ. ಸಂಘಕ್ಕೆ ಬನ್ನಿ.' ಇದು 51 ಆಗುತ್ತೆ. ಸಂಘದ ಹೆಸರಿಗೆ 19 ಉಳಿಯಿತು. ಅದಕ್ಕಿಂತ ಉದ್ದ ಮಾಡಿದರೆ ಒಂದು ಸಂದೇಶಕ್ಕೆ ಎರಡರ ದುಡ್ಡು ಕೊಡುತ್ತೀರಿ. 'ಮಾನ್ಯ ಸದಸ್ಯರೇ' ಅಂತ ಶುರು ಮಾಡುವ ಆಸೆ ಬಿಡಬೇಕಾಗುತ್ತೆ.

ಎಷ್ಟು ಹೊತ್ತು ಕಾಯಬೇಕು ಅಂತ ಪರದೆಯಲ್ಲಿ ತೋರಿಸಬೇಕಾ? ತೋರಿಸಿ, ಆದರೆ '23 ನಿಮಿಷ' ಅಂತ ಅಲ್ಲ. 'ನಿಮ್ಮ ಮುಂದೆ 8 ಜನ, ಸುಮಾರು 30ರಿಂದ 40 ನಿಮಿಷ' ಅಂತ, ಸ್ವಲ್ಪ ಜಾಸ್ತಿಯ ಕಡೆಗೇ ಇಟ್ಟು. ಹೇಳಿದ್ದಕ್ಕಿಂತ ಬೇಗ ಆದರೆ ಸಂತೋಷ, ತಡವಾದರೆ ಮತ್ತೆ ಅದೇ ಜಗಳ. ಎಷ್ಟು ಹೊತ್ತು ಅಂತ ಗೊತ್ತಿಲ್ಲದ ಕಾಯುವಿಕೆ ಗೊತ್ತಿರುವುದಕ್ಕಿಂತ ಉದ್ದ ಅನಿಸುತ್ತದೆ ಎಂದು ಡೇವಿಡ್ ಮೈಸ್ಟರ್ ಎಂಬವರು 1985ರಲ್ಲೇ ಬರೆದಿದ್ದಾರೆ. ಸಿಗಂದೂರಿಗೆ 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಚೆ ದಡದಿಂದ ಲಾಂಚು ಹೊರಟಿದ್ದು ಕಣ್ಣಿಗೆ ಕಂಡ ಮೇಲೆ ಕಾಯೋದು ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಸರದಿ ತಪ್ಪಿಸುವ ಒತ್ತಡದ ಬಗ್ಗೆ ನೀವು ಕೇಳಿಲ್ಲ, ಆದರೆ ಅದು ಬಂದೇ ಬರುತ್ತದೆ. ಯಾರನ್ನೂ ನಡುವೆ ಕರೆಯಲು ಬಾರದಂಥ ಸಾಫ್ಟ್‌ವೇರ್ ಹಾಕಿದರೆ ಸಿಬ್ಬಂದಿ ಅದನ್ನು ಬಿಟ್ಟು ಬಾಯಲ್ಲೇ ಕರೆಯಲು ಶುರು ಮಾಡುತ್ತಾರೆ. ಹಾಗಾಗಿ ಕರೆಯಲು ಬಿಡಿ, ಆದರೆ ಕಾರಣ ಬರೆಯದೆ ಮುಂದೆ ಹೋಗಬಾರದು, ಬರೆದದ್ದು ಅಳಿಸಲು ಬರಬಾರದು. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯಲ್ಲಿ ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿಗಳನ್ನು ಮೊದಲು ಬಂದದ್ದು ಮೊದಲು ಅನ್ನೋ ಕ್ರಮದಲ್ಲೇ ನೋಡಬೇಕು ಅಂತ ಸಾಫ್ಟ್‌ವೇರಿನಲ್ಲೇ ಕಟ್ಟಿದ್ದರು. ನಿಮ್ಮಲ್ಲಿ ಹೀಗೆ ನಡುವೆ ಕರೆದವರ, ಅದಕ್ಕೆ ಬರೆದ ಕಾರಣಗಳ ಪಟ್ಟಿಯನ್ನು ತಿಂಗಳ ಸಭೆಯಲ್ಲಿ ಓದಿ. 'ಬೇಗ ಬೇಕಂತೆ' ಅನ್ನೋ ಕಾರಣ ಹತ್ತು ಸಲ ಬರೆದಿದ್ದರೆ ಓದುವಾಗಲೇ ಎಲ್ಲರಿಗೂ ಅರ್ಥ ಆಗುತ್ತದೆ.

ಕರೆದಾಗ ಇಲ್ಲದವರಿಗೂ ಒಂದು ನಿಯಮ ಬೇಕು. ಎರಡು ಸಲ ಕರೆಯಿರಿ, ಬಾರದಿದ್ದರೆ ಪಕ್ಕಕ್ಕಿಡಿ. ಅರ್ಧ ಗಂಟೆಯೊಳಗೆ ಬಂದರೆ ಇಬ್ಬರು ಆದ ಮೇಲೆ ಕರೆಯಿರಿ. ಹೊಸ ಟೋಕನ್ ತಗೊಂಡು ಕೊನೆಗೆ ನಿಲ್ಲಿ ಅನ್ನಬೇಡಿ. ಹಾಗಂದರೆ ಜನ ಹೆದರಿ ಕೌಂಟರಿನ ಮುಂದೆಯೇ ನಿಲ್ಲುತ್ತಾರೆ, ಟೋಕನ್ ಇದ್ದೂ ಇಲ್ಲದ ಹಾಗೆ.

ಪರದೆಯ ಮೇಲೆ ಹೆಸರು ಬೇಡ. ಊರಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಹೆಸರಿನ ಪಕ್ಕ 'ಸಾಲ ಬಾಕಿ' ಅಂತ ಬಂದರೆ ಆ ಮನೆಯವರಿಗೆ ಎಷ್ಟು ನೋವು ಅಂತ ನಿಮಗೆ ಹೇಳಬೇಕಿಲ್ಲ. ಕೌಂಟರ್ ನಂಬರ್, ಟೋಕನ್ ನಂಬರ್, ಅಷ್ಟು ಸಾಕು. ಎಸ್ಸೆಮ್ಮೆಸ್ಸಿಗೆ ಪಡೆದ ಫೋನ್ ನಂಬರ್ ಆ ದಿನದ ಕೆಲಸ ಮುಗಿದ ಮೇಲೆ ಅಳಿಸಿ ಹೋಗಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ: ಯಾವ ಕೆಲಸಕ್ಕೆ ಪಡೆದಿರೋ ಅದಕ್ಕೆ ಮಾತ್ರ ಬಳಸಬೇಕು, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬಾರದು. ಕಂಪನಿಯವರು ಆ ನಂಬರುಗಳನ್ನು ಬೇರೆ ಯಾವುದಕ್ಕೂ ಬಳಸುವುದಿಲ್ಲ ಅಂತ ಒಪ್ಪಂದದಲ್ಲಿ ಬರೆಸಿ.

ಒಂದು ಬೇರೆ ವಿಷಯವನ್ನು ಇದರ ಜೊತೆ ಬೆರೆಸಬೇಡಿ. ಸಾಲದ ಅರ್ಜಿ ಕೊಟ್ಟ ಮೇಲೆ ಮಂಜೂರಾತಿಗೆ ದಿನಗಟ್ಟಲೆ ಬೇಕು. ಅದರ ಸ್ಥಿತಿ ತಿಳಿಯಲು ಜನ ಮತ್ತೆ ಮತ್ತೆ ಬಂದು ಟೋಕನ್ ತಗೊಂಡರೆ ನಿಮ್ಮ ಕ್ಯೂ ಸುಮ್ನೆ ಉದ್ದ ಆಗುತ್ತದೆ. ಸರ್ಕಾರಿ ಸೇವೆಗಳಿಗೆ 2012ರಲ್ಲಿ ಸಕಾಲ ಬಂದಾಗ 15 ಅಂಕಿಯ ಒಂದು ಸಂಖ್ಯೆ ಕೊಟ್ಟು ಅರ್ಜಿ ಎಲ್ಲಿದೆ ಅಂತ ಜನರೇ ನೋಡಿಕೊಳ್ಳುವ ಹಾಗೆ ಮಾಡಿದರು. ನಿಮ್ಮಲ್ಲೂ ಅರ್ಜಿಗೆ ಒಂದು ಸಂಖ್ಯೆ, ಮಂಜೂರಾದಾಗ ಒಂದು ಎಸ್ಸೆಮ್ಮೆಸ್, ಇಷ್ಟಿದ್ದರೆ ಸಾಕು.

ಆರ್ಡರ್ ಕೊಡುವ ಮೊದಲು ಒಂದು ವಾರ ನೋಟ್‌ಬುಕ್ಕಿನಲ್ಲಿ ಲೆಕ್ಕ ಇಡಿ. ಸ್ಟಾಪ್‌ವಾಚ್ ಬೇಡ. ಗಂಟೆಗೆ ಎಷ್ಟು ಜನ ಬಂದರು, ಪ್ರತಿ ಕಾಲು ಗಂಟೆಗೊಮ್ಮೆ ತಲೆ ಎಣಿಸಿದರೆ ಎಷ್ಟು ಜನ ಕಾಯುತ್ತಿದ್ದರು, ಇಷ್ಟೇ ಬರೆಯಿರಿ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ನಿಯಮವಿದೆ: ಕಾಯುವವರ ಸರಾಸರಿ ಸಂಖ್ಯೆಯನ್ನು ಗಂಟೆಗೆ ಬರುವವರ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಕಾಯುವ ಸಮಯ ಬರುತ್ತದೆ. ಗಂಟೆಗೆ 40 ಜನ ಬರುತ್ತಾರೆ, ಯಾವಾಗ ನೋಡಿದರೂ ಸರಾಸರಿ 12 ಜನ ಕಾಯುತ್ತಿರುತ್ತಾರೆ ಅಂದರೆ ಒಬ್ಬರು ಸುಮಾರು 18 ನಿಮಿಷ ಕಾದಿದ್ದಾರೆ. ಇದನ್ನು ಬರೆದಿಟ್ಟುಕೊಂಡರೆ ವ್ಯವಸ್ಥೆ ಬಂದ ಮೇಲೆ ನಿಜಕ್ಕೂ ಸುಧಾರಿಸಿತಾ ಅಂತ ಹೋಲಿಸಿ ನೋಡಬಹುದು. ಎಷ್ಟೋ ಸಂಘಗಳಿಗೆ ಈ ಒಂದು ವಾರದ ನೋಟ್‌ಬುಕ್ಕಿನಿಂದಲೇ ಯಾವ ಗಂಟೆಗೆ ಯಾರನ್ನು ಎಲ್ಲಿ ಕೂರಿಸಬೇಕು ಅಂತ ಅರ್ಧ ಉತ್ತರ ಸಿಗುತ್ತದೆ.

ಶುರು ಮಾಡುವುದು ಯಾವಾಗ? ಮಾರ್ಚ್ ಕೊನೆಯ ಸಾಲದ ಗಡಿಬಿಡಿಯಲ್ಲಿ ಬೇಡ. ಮೇ-ಜೂನ್‌ನಲ್ಲಿ ಮೈಲುತುತ್ತ, ಸುಣ್ಣ, ಗೊಬ್ಬರಕ್ಕೆ ಜನ ಮುಗಿಬೀಳುವಾಗಲೂ ಬೇಡ. ಜುಲೈ ಕೊನೆಗೆ ಅಥವಾ ಆಗಸ್ಟ್‌ನಲ್ಲಿ ಶುರು ಮಾಡಿ. ಜನ ಕಡಿಮೆ ಇರುತ್ತಾರೆ, ಮಳೆ ಜೋರಾಗಿರುತ್ತದೆ, ಕರೆಂಟು-ನೆಟ್ಟು ಬಂದು ಹೋಗುತ್ತಿರುತ್ತದೆ. ವ್ಯವಸ್ಥೆಯ ದೋಷ ಏನಿದ್ದರೂ ಆಗಲೇ ಹೊರಬೀಳುತ್ತದೆ, ತೊಂದರೆ ಆಗುವವರೂ ಕಡಿಮೆ. ಕಂಪನಿಗೆ ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಕೊನೆಯ ಕಂತು ಒಂದು ಮಳೆಗಾಲ ದಾಟಿದ ಮೇಲೆ ಅಂತ ಬರೆಸಿ. ದೂರದಿಂದ ಎಂಜಿನಿಯರ್ ಬರುವವರೆಗೆ ಕಾಯಬೇಕಾಗದಂತೆ ನಿಮ್ಮ ಸಿಬ್ಬಂದಿಯಲ್ಲಿ ಇಬ್ಬರಿಗೆ ಸರ್ವರ್ ಆಫ್ ಮಾಡಿ ಆನ್ ಮಾಡುವುದು, ಬ್ಯಾಕಪ್ ತೆಗೆಯುವುದು, ಕಾರ್ಡಿನ ಸರಣಿಗೆ ಬದಲಾಯಿಸುವುದು ಕಲಿಸಿಕೊಡಬೇಕು ಅಂತಲೂ ಸೇರಿಸಿ. ದಿನದ ದಾಖಲೆ ನಿಮ್ಮ ಪೆನ್‌ಡ್ರೈವಿಗೆ ಎಕ್ಸೆಲ್ ರೂಪದಲ್ಲಿ ಬರಬೇಕು, ಮುಂದೆ ಕಂಪನಿ ಬದಲಾಯಿಸಿದರೂ ಅದು ನಿಮ್ಮಲ್ಲೇ ಇರಬೇಕು.